ಗಿರಾಕಿಯಾದ ಗುಮಾಸ್ತೆ

ಗ್ರೈಂಡರ್ ಕಂಪನಿಗೆ ಗಿರಾಕಿಗಳ ವಿವರ ಇಡುವ ಹೊಸ ಸಾಫ್ಟ್‌ವೇರ್ ಬಂತು. ಲೈಸೆನ್ಸ್ ಹತ್ತೇ, ಹತ್ತೂ ಸಾಹೇಬರುಗಳ ಪಾಲಾದವು. ಇಪ್ಪತ್ತು ವರ್ಷ ಗಿರಾಕಿಗಳ ಜೊತೆ ಮಾತಾಡಿದ್ದ ಗುಮಾಸ್ತೆ ನೀಲಮ್ಮನ ಮೇಜಿನಿಂದ ಮ್ಯಾನೇಜರ್ ಫಣಿರಾಜರು ಫೋನನ್ನೇ ಎತ್ತಿಸಿದರು.

"ಲೈಸೆನ್ಸ್ ಇಲ್ಲದವರು ಗಿರಾಕಿಗಳ ಜೊತೆ ಮಾತಾಡುವ ಹಾಗಿಲ್ಲ."

ಇಳಕಲ್ಲಿನ ಹಳೆಯ ಗಿರಾಕಿ ಸಂಗವ್ವನ ದನಿ ಕೇಳದೆ ನೀಲಮ್ಮನಿಗೆ ಹೊತ್ತೇ ಹೋಗದು. ಗಿರಾಕಿಗಳಿಗಾದರೆ ಅದೇ ಸಾಫ್ಟ್‌ವೇರ್‌ನ ದೂರು ಬರೆಯುವ ಪೋರ್ಟಲ್ ಪುಕ್ಕಟೆ, ಲೈಸೆನ್ಸ್ ಬೇಕಿಲ್ಲ. ನೀಲಮ್ಮ ಒಂದು ಗ್ರೈಂಡರ್ ಬೆಲ್ಟ್ ಕೊಂಡು ಗಿರಾಕಿಯಾದಳು. ಪೋರ್ಟಲ್‌ನಲ್ಲಿ ದೂರು ಬರೆದಳು: "ಸಂಗವ್ವನ ಮೊಣಕಾಲು ನೋವು ಹೇಗಿದೆ? ತಿಳಿಸುವವರೇ ಇಲ್ಲ."

ಪ್ರತಿ ದೂರಿಗೂ ಮ್ಯಾನೇಜರೇ ಉತ್ತರಿಸಬೇಕೆಂಬುದು ಫಣಿರಾಜರದೇ ನಿಯಮ. ಹಲ್ಲು ಕಡಿಯುತ್ತಾ ಇಳಕಲ್ಲಿಗೆ ಫೋನ್ ಮಾಡಿ, ಬರೆದರು: "ನೋವು ಕಡಿಮೆಯಾಗಿದೆ. ನೀಲಮ್ಮ ಯಾಕೆ ಮಾತಾಡಲ್ಲ ಅಂತ ಕೇಳಿದರು."

ಕೆಳಗೆ ಪ್ರಶ್ನೆಯಿತ್ತು: ದೂರು ಬಗೆಹರಿಯಿತೇ?

ನೀಲಮ್ಮ ಕಣ್ಣೊರೆಸಿಕೊಂಡು "ಇಲ್ಲ" ಒತ್ತಿದಳು. ದೂರು ಮತ್ತೆ ಫಣಿರಾಜರ ಮುಂದೆ ಬಂತು. ಮಾರನೆಯ ದಿನವೂ ಒತ್ತಿದಳು.

ಮೂರನೆಯ ದಿನ ಫಣಿರಾಜರೇ ಫೋನ್ ತಂದು ಮೇಜಿನ ಮೇಲಿಟ್ಟರು. ಅತ್ತ ಸಂಗವ್ವ "ಯಾರು?" ಅಂದ ಮೇಲೇ ನೀಲಮ್ಮ "ಹೌದು" ಒತ್ತಿದ್ದು.