ನಿಯಾನಮ್ಮನ ತುಂಬಿದ ಜಗಲಿ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಕಣ್ಣಿಗೆ ಕಾಣದಷ್ಟು ಪುಟ್ಟದೊಂದು ರಾಜ್ಯವಿತ್ತು. ಅಲ್ಲಿ ಪರಮಾಣುಗಳಿಗೆಲ್ಲ ಒಂದೊಂದು ಮನೆ. ನಾನು ಹೇಳುವ ಮೂರು ಮನೆಗಳ ಹೊರಜಗಲಿಯಲ್ಲಿ ಎಂಟೆಂಟು ಮಣೆ. ಮಣೆಯ ಮೇಲೆ ಕೂರುವುವು ಎಲೆಕ್ಟ್ರಾನ್ ಮರಿಗಳು. ಆ ರಾಜ್ಯಕ್ಕೆ ಉದ್ದಂಡಯ್ಯ ಅಂತ ದೊರೆ. ಕಾವಿನ ಆಸೆಬುರುಕ.

ಕ್ಲೋರಿನಪ್ಪನ ಜಗಲಿಯಲ್ಲಿ ಏಳು ಮರಿ, ಒಂದು ಮಣೆ ಖಾಲಿ. ಬೀದಿ ಅಲೆಯುತ್ತಿದ್ದ ಮರಿಯೊಂದು ಬಂದು ಕೂತಿತು. ಮನೆಗೆ ನೆಮ್ಮದಿಯಾಯಿತು, ಮಿಕ್ಕ ಕಾವು ಹೊರಗೆ ಹರಿಯಿತು. ದೊರೆ ಅದನ್ನೆಲ್ಲ ಅರಮನೆಯ ಒಲೆಗೆ ಬಾಚಿಕೊಂಡ.

"ಮರಿ ನೂಕಿದ್ರೆ ಕಾವು ಬರುತ್ತೆ! ಎಲ್ಲರ ಮನೆಗೂ ನೂಕ್ರೋ!" ಅಂದ. ಮನೆಯವರನ್ನು ಒಂದು ಮಾತು ಕೇಳಬೇಡವೇ?

ಆಮ್ಲಜನಕಪ್ಪನಲ್ಲಿ ಎರಡು ಮಣೆ ಖಾಲಿ. ಮೊದಲ ಮರಿ ಕೂತಾಗ ಕಾವು ಬಂತು. ಎರಡನೆಯದನ್ನು ನೂಕಿದರೆ, ಮಣೆ ಖಾಲಿಯಿದ್ದರೂ, ಆಗಲೇ ಒಂದು ಮರಿ ಹೆಚ್ಚಾಯಿತೆಂದು ಒಳಗಿದ್ದ ಮರಿಗಳೆಲ್ಲ ಸೇರಿ ಆಚೆ ತಳ್ಳಿದವು. ಅರಮನೆಯ ಕಾವನ್ನೇ ತಂದು ಸುರಿದು ಅದನ್ನು ತುರುಕಬೇಕಾಯಿತು. ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ದೊರೆಗೆ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! "ಇವನೇ ಕಾವು ಕದ್ದ" ಅಂತ ಆಮ್ಲಜನಕಪ್ಪನಿಗೇ ಛಡಿಯೇಟು ಹೊಡೆಸಿದ. ಹೇಳುವಾಗಲೇ ನನ್ನ ಮೈ ಉರಿಯುತ್ತೆ.

ಕೊನೆಗೆ ನಿಯಾನಮ್ಮನ ಮನೆ. ಎಂಟು ಮಣೆ, ಎಂಟು ಮರಿ. ಯಾರ ತಂಟೆಗೂ ಹೋಗದ ಹೆಂಗಸು.

"ಕಾವು ಕೊಡು. ಇಲ್ಲದಿದ್ರೆ ನಿನ್ನ ಮರಿಗಳನ್ನೆಲ್ಲ ಬೀದಿಪಾಲು ಮಾಡ್ತೀನಿ!" ಅಂತ ದೊರೆ ಗದರಿದ.

ನಿಯಾನಮ್ಮ ಸೆರಗು ಸಿಕ್ಕಿಸಿ ನಿಂತಳು. "ತುಂಬಿದ ಮನೆಗೆ ನುಗ್ಗೋಕೆ ನಾಚಿಕೆ ಆಗಲ್ವಾ ದೊರೆ? ಇರಲಿ, ನೂಕ್ಸಿ. ಬಂದ ಕಾವೂ ನಿಮ್ದೇ, ನೂಕೋಕೆ ಸುರಿಯೋ ಕಾವೂ ನಿಮ್ದೇ. ಆದ್ರೆ ನಿಮ್ಮ ಒಲೆ ಆರಿದ್ರೆ, ಇನ್ಯಾರ ಬಾಗಿಲಿಗೂ ಬರಬಾರದು. ಊರೆದುರು ಮಾತು ಕೊಡಿ."

ದೊರೆ ನಕ್ಕು ಮಾತು ಕೊಟ್ಟ.

ಭಟರು ಒಂದು ಕೊಪ್ಪರಿಗೆ ಕಾವು ಸುರಿದು ಮರಿಯನ್ನು ನೂಕಿದರು. ಕೂರಲು ಮಣೆಯೆಲ್ಲಿದೆ? ಕೈಬಿಟ್ಟದ್ದೇ ತಡ, ಅದು ಸುರಿದ ಕಾವನ್ನೂ ಹೊತ್ತುಕೊಂಡು ಊರಾಚೆ ಓಡಿತು. "ಇನ್ನೂ ಸುರೀರೋ!" ಮತ್ತೆ ಸುರಿದು ಇನ್ನೊಂದು ಮರಿಯನ್ನು ನೂಕಿದರು, ಅದೂ ಹಾಗೇ ಓಡಿತು. "ಎಲ್ಲಾ ಸುರೀರೋ!" ಇದ್ದದ್ದೆಲ್ಲ ಸುರಿದರು. ಅದೂ ಓಡಿಹೋಯಿತು.

ಅರಮನೆಯ ಒಲೆಯಲ್ಲಿ ಬರೀ ಬೂದಿ. ದೊರೆಯ ಹಲ್ಲು ಕಟಕಟ. ಏಟು ತಿಂದ ಆಮ್ಲಜನಕಪ್ಪನೇ ಮುಂದೆ ಬಂದು, "ಕೊಟ್ಟ ಮಾತು, ದೊರೆ!" ಅಂದ. ಊರಿಗೆ ಊರೇ ದನಿಗೂಡಿಸಿತು. ಉದ್ದಂಡಯ್ಯ ತಲೆ ತಗ್ಗಿಸಿಕೊಂಡು, ನಡುಗುತ್ತ ಮನೆಗೆ ನಡೆದ.

ನೆನಪಿಡಿ ಮಕ್ಕಳೇ, ಬೇಕೆಂದವರಿಗೆ ಕೊಟ್ಟರೆ ಊರೆಲ್ಲ ಬೆಚ್ಚಗಾಗುತ್ತದೆ. ಬೇಡವೆಂದವರ ಮೇಲೆ ಹೇರಿದರೆ ಹೇರಿದವನ ಒಲೆಯೇ ಆರುತ್ತದೆ.