ಗಿಣಿಯಕ್ಕನ ಬಣ್ಣದ ಬಿಲ್ಲೆಗಳು

ಕಾಡಿನ ಮರಿಗಳಿಗೆ ಲೆಕ್ಕ ಕಲಿಸಲೆಂದು ಗಿಣಿಯಕ್ಕ ಮರದ ಬಿಲ್ಲೆಗಳಿಗೆ ಬಣ್ಣ ಬಳಿದು ಒಂದು ಆಟ ಕಟ್ಟಿದಳು. ಕೆಂಪು ಬಂದರೆ ಕೂಡಬೇಕು, ಹಸಿರು ಬಂದರೆ ಕಳೆಯಬೇಕು. ನೋಡಿದವರೆಲ್ಲ ಹೊಗಳಿದರು, ನಾಯಿಮರಿ ಮಾತ್ರ ಪ್ರತಿ ಸಲವೂ ತಪ್ಪಿತು.

"ಕಣ್ಣು ಬಿಟ್ಟು ನೋಡೋ!"

"ಬಿಟ್ಟೇ ನೋಡುತ್ತಿದ್ದೇನೆ ಅಕ್ಕಾ. ನಾಯಿಗಳ ಕಣ್ಣಿಗೆ ಎರಡೂ ಒಂದೇ ಬಣ್ಣ. ದಡ್ಡನೆಂದು ನನ್ನನ್ನು ಶಾಲೆ ಬಿಡಿಸುತ್ತೀರಾ?"

ಗಿಣಿ ಒಂದು ಕೆಂಪು ಬಿಲ್ಲೆಯನ್ನು ಎತ್ತಿಕೊಂಡಳು. ಉಪಾಯ ಕೊಕ್ಕಿನಲ್ಲೇ ಇತ್ತು. ಆದರೆ ಕಚ್ಚಿದರೆ ಅಷ್ಟು ಚೆಂದದ ಬಣ್ಣ ಕಿತ್ತುಹೋದೀತು! ಅಳುಕುತ್ತಲೇ ಕೆಂಪು ಬಿಲ್ಲೆಗಳ ಅಂಚನ್ನು ಒಂದೊಂದಾಗಿ ಕಚ್ಚಿ ಗುರುತು ಮಾಡಿದಳು. ನಾಯಿಮರಿ ಅಂಚನ್ನು ನಾಲಿಗೆಯಿಂದ ಸವರಿ ನೋಡಿ, ಕೂಡಿ ಕಳೆದು ಸರಿಯಾದ ಉತ್ತರ ಹೇಳಿತು.

"ಅಂದ ಕೆಟ್ಟಿತೇನೋ?" ಗಿಣಿಗೆ ಇನ್ನೂ ಚಿಂತೆ.

"ಕೆಂಪು ಉಳಿದವರಿಗಿರಲಿ ಅಕ್ಕಾ, ನನಗೆ ಈ ಕಚ್ಚೇ ಚೆಂದ."