ಹಗ್ಗದ ತುದಿ

"ಗುರುಗಳೇ, ಕೆಲಸ ಬಲ್ಲವನ ಮೇಲೆ ಕಾವಲು ಯಾಕೆ?" ಎಂದು ಮುರಿಗೆಪ್ಪ ಕೇಳಿದ.

ಊರಿನ ನಾನೂರು ಮನೆಯವರು ಸೇರಿ ಕಟ್ಟಿದ ಹತ್ತಿಗಿರಣಿಗೆ ಅವನು ಮುಖ್ಯಸ್ಥ. ಪರಿಚಯವಿಲ್ಲದ ದೂರದ ಹೊಸ ಮಾರುಕಟ್ಟೆಗೆ ಗಿರಣಿಯನ್ನೆಲ್ಲ ಪಣಕ್ಕಿಟ್ಟು ಇಳಿಯುವ ಆತುರ ಅವನದು. ಆಡಳಿತ ಮಂಡಳಿ ಎರಡು ಸಲ ತಡೆದಿತ್ತು. ಈಗ ಹೊಸ ಮಂಡಳಿಗೆ ತನ್ನವರದೇ ಐದು ಹೆಸರು ಬರೆದು ತಂದಿದ್ದ. ಮಠದ ಗುರುಗಳು ಹೂಂ ಎಂದರೆ ಊರೂ ಹೂಂ ಎನ್ನುತ್ತಿತ್ತು.

ಗುರುಗಳು ಪಟ್ಟಿ ಓದಿದರು. ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಮೂವತ್ತೆಂಟು ಬಾವಿ ತೋಡಿದ್ದ, ಒಮ್ಮೆಯೂ ಪೆಟ್ಟಾಗಿರಲಿಲ್ಲ. ಆ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಕೆಳಗಿಳಿದವನ ಸೊಂಟಕ್ಕೆ ಹಗ್ಗ. ಅದರ ತುದಿ ಬಾವಿಯ ದಡದ ಮೇಲೆ ನಿಂತವನ ಕೈಯಲ್ಲಿ. ತೋಡುವವನಿಗೆ ಕಾಣುವುದು ತಳ. ಗೋಡೆ ಬಿರಿಯುವುದು ಮೇಲಿನವನಿಗೆ ಕಾಣುತ್ತದೆ. ಅವನು ಎಳೆದರೆ ಇವನು ತಕರಾರಿಲ್ಲದೆ ಮೇಲೆ ಬರಬೇಕು. ಆ ಮೇಲಿನವನನ್ನು ಆರಿಸುವವನು ಬಾವಿಯ ಒಡೆಯ, ತೋಡುವವನಲ್ಲ.

ಹೊಳೆಯಾಚೆ ಹೊಸ ಊರೊಂದು ಏಳುತ್ತಿತ್ತು. ಬಾವಿಗೆ ಇವನನ್ನು ಕರೆದರು. ಅಲ್ಲಿಯ ಮಣ್ಣು ಇವನು ಕಂಡದ್ದಲ್ಲ. ದಡದವನು ಮೂರು ದಿನದಲ್ಲಿ ಮೂರು ಸಲ ಎಳೆದ. ಮೂರು ಸಲವೂ ಏನೂ ಕುಸಿಯಲಿಲ್ಲ. ತೋಡುವವನಿಗೆ ರೇಗಿತು. ಈ ಪುಕ್ಕಲನ ಜೊತೆ ಕೆಲಸ ಆಗದು, ನನ್ನವನನ್ನೇ ನಿಲ್ಲಿಸುತ್ತೇನೆ ಎಂದ. ಒಡೆಯನಿಗೆ ನೀರಿನ ಅವಸರ, ಒಪ್ಪಿದ. ದಡಕ್ಕೆ ಹೆಂಡತಿಯ ತಮ್ಮ ಬಂದ. ಭಾವನ ಮನೆಯಲ್ಲೇ ಉಂಡು, ಭಾವನಿಂದಲೇ ಕಸುಬು ಕಲಿತವನು.

ನಾಲ್ಕನೆಯ ದಿನ, ಐದಾಳುದ್ದ ಇಳಿದಾಗ, ಗೋಡೆಯಿಂದ ಮರಳು ಸಣ್ಣಗೆ ಸುರಿಯತೊಡಗಿತು. ಮೈದುನ ಕಂಡ. ಹಗ್ಗ ಬಿಗಿಹಿಡಿದ. ಎಳೆಯಲಿಲ್ಲ, ಬಗ್ಗಿ ಕೇಳಿದ.

"ಭಾವ, ಮರಳು ಸುರೀತಿದೆ. ಎಳೀಲಾ?"

"ಮೂವತ್ತೆಂಟು ಬಾವಿ ತೋಡಿದವನು ನೀನೋ ನಾನೋ? ಮಣ್ಣಿನ ಬುಟ್ಟಿ ಇಳಿಸು."

ಮೈದುನ ಹಗ್ಗ ಸಡಿಲಿಸಿ ಬುಟ್ಟಿ ಇಳಿಸಿದ. ಅದು ತಳ ಮುಟ್ಟುವ ಮೊದಲೇ ಗೋಡೆ ಕುಸಿಯಿತು. ಆಮೇಲೆ ಎಳೆದ. ಅಂಗೈ ಸುಲಿಯುವ ತನಕ ಎಳೆದ. ಹಗ್ಗ ಅಲುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ.

"ಆ ಮೈದುನ ಹೇಡಿ. ಕೇಳುವುದೇನಿತ್ತು? ಎಳೆದುಬಿಡಬೇಕಿತ್ತು."

ಗುರುಗಳು ಪಟ್ಟಿಯನ್ನು ಅವನ ಮುಂದಿಟ್ಟರು.

"ಈ ಐವರಲ್ಲಿ ನಿನ್ನನ್ನು ಕೇಳದೆ ಎಳೆಯುವವನು ಯಾರು, ತೋರಿಸು."

ಮುರಿಗೆಪ್ಪನ ಬೆರಳು ಮೊದಲ ಹೆಸರಿನಿಂದ ಇಳಿದು, ಐದನೆಯದನ್ನೂ ದಾಟಿ, ಬರಿಯ ಕಾಗದದ ಮೇಲೆ ನಿಂತಿತು.